ಶಿಬಿರದಲ್ಲಿ ಯಾರೂ ಕೇಳದ ಪ್ರಶ್ನೆ: ‘ರಾತ್ರಿ ಎಷ್ಟು ಗಂಟೆ ನಿದ್ರೆ?’

ಪಾಳಿ ಕೆಲಸ, ಗೊರಕೆ, ಗದ್ದಲ: ನಿದ್ರೆಗೆಟ್ಟ ಮಹಾನಗರದಲ್ಲಿ ಹೃದಯದ ಲೆಕ್ಕ

ಚೆಂಬೂರು: ಅಂಗಡಿ, ಹೊಟೇಲು ಮತ್ತಿತರ ವ್ಯಾಪಾರಿ ಸಂಸ್ಥೆಗಳು ದಿನದ 24 ಗಂಟೆಯೂ ಬಾಗಿಲು ತೆರೆದಿಡಬಹುದು ಎಂದು ಮಹಾರಾಷ್ಟ್ರ ಸರಕಾರ 2025ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿ ಸ್ಪಷ್ಟಪಡಿಸಿತು. ಬಾರ್, ಪರ್ಮಿಟ್ ರೂಮ್‌ನಂತಹ ಮದ್ಯ ಮಾರುವ ಕಡೆಗಳಿಗೆ ಈ ಸವಲತ್ತು ಇಲ್ಲ. ಇದಕ್ಕೆ ಬೇಕಾದ ಕಾನೂನು 2017ರಲ್ಲೇ ಆಗಿತ್ತು. 2020ರ ಜನವರಿ 27ರಿಂದ ಮುಂಬಯಿಯ ಆಯ್ದ ವಸತಿಯೇತರ ಪ್ರದೇಶಗಳ ಮಾಲ್, ಹೊಟೇಲುಗಳಿಗೆ ರಾತ್ರಿಯಿಡೀ ತೆರೆದಿರಲು ಅನುಮತಿಯೂ ಸಿಕ್ಕಿತ್ತು. ಈಗ ಆ ಬಾಗಿಲು ಇನ್ನಷ್ಟು ಅಗಲವಾಗಿದೆ.

ತಲೆಮಾರುಗಳಿಂದ ಹೊಟೇಲ್ ಉದ್ಯಮದಲ್ಲಿರುವ ತುಳು-ಕನ್ನಡಿಗರಿಗೆ ಇದು ಬರಿಯ ವ್ಯಾಪಾರದ ಸುದ್ದಿಯಲ್ಲ. ರಾತ್ರಿ ಎರಡು ಗಂಟೆಗೆ ಇಡ್ಲಿ ಬೇಕೆಂದು ಬರುವ ಗ್ರಾಹಕನಿದ್ದರೆ, ಆ ಹೊತ್ತಿಗೆ ಇಡ್ಲಿ ಬೇಯಿಸುವವನೊಬ್ಬ, ತಟ್ಟೆ ತೊಳೆಯುವವನೊಬ್ಬ, ಗಲ್ಲಾದಲ್ಲಿ ಕೂರುವವನೊಬ್ಬ ಎಚ್ಚರವಿರಲೇಬೇಕು. ವ್ಯಾಪಾರ ಎಷ್ಟು ಹೆಚ್ಚಾದೀತು ಎಂಬ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ. ಎಚ್ಚರವಿದ್ದವರ ನಿದ್ರೆಯ ಲೆಕ್ಕವನ್ನು ಯಾರ ಪುಸ್ತಕದಲ್ಲಿ ಬರೆಯಬೇಕು ಎಂಬುದೇ ಇಂದಿನ ಪ್ರಶ್ನೆ. ಯಾಕೆಂದರೆ ಆ ಲೆಕ್ಕ ಕೊನೆಗೆ ಬಂದು ನಿಲ್ಲುವ ಜಾಗಗಳಲ್ಲಿ ಹೃದಯವೂ ಒಂದು ಎಂದು ಕಳೆದ ಎರಡು ದಶಕಗಳ ವೈದ್ಯಕೀಯ ಅಧ್ಯಯನಗಳು ಮತ್ತೆ ಮತ್ತೆ ಹೇಳುತ್ತಿವೆ.

ರಾತ್ರಿ ಮಲಗದ ಚೆಂಬೂರು

ಚೆಂಬೂರು ಮೊದಲಿನಿಂದಲೂ ಪಾಳಿಯ ಊರು. ಮಾಹುಲ್‌ನ ಎರಡು ತೈಲ ಶುದ್ಧೀಕರಣ ಸ್ಥಾವರಗಳು 1950ರ ದಶಕದಲ್ಲಿ ಎದ್ದವು. ರಾಷ್ಟ್ರೀಯ ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಅಂದರೆ ಆರ್‌ಸಿಎಫ್ ಈಗಿನ ರೂಪದಲ್ಲಿ ಬಂದದ್ದು 1978ರಲ್ಲಿ. ಟ್ರಾಂಬೆಯ ವಿದ್ಯುತ್ ಸ್ಥಾವರ, ಭಾಭಾ ಅಣು ಸಂಶೋಧನಾ ಕೇಂದ್ರ ಎಲ್ಲವೂ ಈ ಪರಿಸರದಲ್ಲೇ ಇವೆ. ಇಂತಹ ಸ್ಥಾವರಗಳ ಯಂತ್ರಗಳಿಗೆ ರಾತ್ರಿ ಎಂಬುದಿಲ್ಲ. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ರಾತ್ರಿ ಪಾಳಿ ಎಂದು ತಿರುಗುವ ಚಕ್ರದಲ್ಲಿ ಚೆಂಬೂರಿನ ಅನೇಕ ಕನ್ನಡಿಗ ಕುಟುಂಬಗಳ ಯಜಮಾನರು ತಮ್ಮ ಇಡೀ ಸೇವಾವಧಿಯನ್ನು ಕಳೆದಿದ್ದಾರೆ. ಅಪ್ಪ ರಾತ್ರಿ ಪಾಳಿ ಮುಗಿಸಿ ಮಲಗಿದ್ದಾರೆ, ಸದ್ದು ಮಾಡಬೇಡಿ ಎಂಬ ಅಮ್ಮನ ಎಚ್ಚರಿಕೆ ಕೇಳಿಯೇ ಬೆಳೆದ ಮಕ್ಕಳು ಇಂದು ಐವತ್ತು ದಾಟಿದ್ದಾರೆ.

ಹೊಟೇಲಿನವರ ದಿನಚರಿ ಇನ್ನೂ ಬಿಗಿ. ಎ. ರಾಮ ನಾಯಕರು ಮಾಟುಂಗಾದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ ಕಾಲದಿಂದ ಇಂದಿನವರೆಗೂ ಉಡುಪಿ ಹೊಟೇಲೆಂದರೆ ಬೆಳಕು ಹರಿಯುವ ಮೊದಲೇ ಏಳುವುದು, ಶಟರ್ ಎಳೆದ ಮೇಲೆ ಲೆಕ್ಕ, ಸ್ವಚ್ಛತೆ ಮುಗಿಸಿ ಮಲಗುವುದು ಎಂದೇ ಅರ್ಥ. ಹಗಲು ಹೊಟೇಲಿನಲ್ಲಿ ದುಡಿದು ಸಂಜೆ ರಾತ್ರಿ ಶಾಲೆಗೆ ಹೋಗಿ ಕಲಿತವರ ತಲೆಮಾರೊಂದು ಈ ನಗರದಲ್ಲಿದೆ. ಬಿಲ್ಲವರ ಅಸೋಸಿಯೇಶನಿನ ಗುರುನಾರಾಯಣ ರಾತ್ರಿ ಪ್ರೌಢಶಾಲೆ, ಮೊಗವೀರ ರಾತ್ರಿ ಪ್ರೌಢಶಾಲೆಯಂತಹ ಸಂಸ್ಥೆಗಳು ಎಷ್ಟೋ ಜನರ ಬಾಳಿಗೆ ಬೆಳಕಾದವು. ಆ ಸಾಧನೆಯನ್ನು ಸನ್ಮಾನ ಸಮಾರಂಭಗಳಲ್ಲಿ ಹೊಗಳುವಾಗ ‘ನಿದ್ರೆಗೆಟ್ಟು ಮೇಲೆ ಬಂದವರು’ ಎಂಬ ಮಾತು ಬರುವುದುಂಟು. ಮಾತು ಸುಳ್ಳಲ್ಲ. ಆದರೆ ನಿದ್ರೆಗೆಡುವುದೇ ಶ್ರಮಜೀವಿಯ ಲಕ್ಷಣ, ನಿದ್ರಿಸುವವನು ಸೋಮಾರಿ ಎಂಬ ಭಾವನೆ ಅದರ ಜತೆಯಲ್ಲೇ ಬೇರೂರಿಬಿಟ್ಟಿತು.

ಗೃಹಿಣಿಯರ ಪಾಡು ಬೇರೆಯೇ. ಮನೆಯಲ್ಲಿ ಕೊನೆಗೆ ಮಲಗುವವಳೂ ಅವಳೇ, ಪಾಲಿಕೆಯ ನಲ್ಲಿ ನೀರು ಬರುವ ಹೊತ್ತಿಗೆ ಮೊದಲು ಏಳುವವಳೂ ಅವಳೇ. ಇಂದಿನ ಯುವಕ-ಯುವತಿಯರು ಕಾಲ್ ಸೆಂಟರ್, ಐಟಿ ಕಂಪೆನಿಗಳಲ್ಲಿ ಅಮೆರಿಕದ ಹಗಲಿಗೆ ಹೊಂದಿಕೊಂಡು ಇಲ್ಲಿಯ ರಾತ್ರಿ ದುಡಿಯುತ್ತಾರೆ. ಮನೆಗೆ ಬಂದು ಮಲಗಿದರೂ ಕೈಯಲ್ಲಿ ಮೊಬೈಲ್ ಇರುತ್ತದೆ.

ರಾತ್ರಿ ಹೃದಯಕ್ಕೆ ಸಿಗುವ ರಜೆ

ಹೃದಯ ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುತ್ತದೆ. ಅದಕ್ಕೆ ವಾರದ ರಜೆ ಇಲ್ಲ. ಆದರೆ ಪ್ರತಿ ರಾತ್ರಿ ಒಂದಿಷ್ಟು ವಿರಾಮ ಸಿಗುತ್ತದೆ. ಗಾಢ ನಿದ್ರೆಯಲ್ಲಿ ನಾಡಿಬಡಿತ ನಿಧಾನವಾಗುತ್ತದೆ. ರಕ್ತದೊತ್ತಡ ಹಗಲಿಗಿಂತ ಶೇ. 10ರಿಂದ 20ರಷ್ಟು ಇಳಿಯುತ್ತದೆ. ಈ ಇಳಿತ ಕಾಣದವರಲ್ಲಿ ಹೃದಯ ಮತ್ತು ಮೂತ್ರಪಿಂಡದ ತೊಂದರೆ, ಪಾರ್ಶ್ವವಾಯು ಹೆಚ್ಚು ಎಂಬುದು ವೈದ್ಯರಿಗೆ ಗೊತ್ತಿರುವ ಸಂಗತಿ. ಹಗಲು ಕ್ಲಿನಿಕ್ಕಿನಲ್ಲಿ ನೋಡಿದ ಬಿಪಿ ಸರಿಯಿದ್ದು ರಾತ್ರಿಯದ್ದು ಇಳಿಯದಿದ್ದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ತಿಳಿಯಲು 24 ಗಂಟೆ ತೋಳಿಗೆ ಕಟ್ಟಿಕೊಳ್ಳುವ ಯಂತ್ರ ಬೇಕು.

ನಿದ್ರೆ ತುಂಡಾದಾಗಲೆಲ್ಲ ದೇಹ ಗಾಬರಿಯ ರಸಗಳನ್ನು ಬಿಡುತ್ತದೆ. ನಾಡಿ ಏರುತ್ತದೆ, ರಕ್ತನಾಳ ಬಿಗಿಯುತ್ತದೆ. ಒಂದು ರಾತ್ರಿಯ ಮಟ್ಟಿಗೆ ಇದು ದೊಡ್ಡದಲ್ಲ. ವರ್ಷಗಟ್ಟಲೆ ನಡೆದರೆ ರಕ್ತದೊತ್ತಡ ಏರಿಕೆ ಕಾಯಂ ಆಗುತ್ತದೆ. ನಿದ್ರೆ ಕಡಿಮೆಯಾದವರಿಗೆ ಹಸಿವು ಹೆಚ್ಚುತ್ತದೆ, ಅದರಲ್ಲೂ ಸಿಹಿ ಮತ್ತು ಕರಿದ ತಿಂಡಿಯ ಕಡೆ ಮನಸ್ಸು ಎಳೆಯುತ್ತದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಸಕ್ಕರೆ ಏರುತ್ತದೆ. ಹೀಗೆ ಬಿಪಿ, ಸಕ್ಕರೆ, ಬೊಜ್ಜು ಎಂದು ಮೂರು ಬೇರೆ ಬೇರೆ ಕಾಯಿಲೆಗಳಂತೆ ಕಾಣುವುದರ ಬುಡದಲ್ಲಿ ಕೆಲವೊಮ್ಮೆ ಒಂದೇ ನಿದ್ರೆಯ ಕೊರತೆ ಕುಳಿತಿರುತ್ತದೆ.

ದೇಹದೊಳಗೊಂದು ಗಡಿಯಾರವಿದೆ. ಅದು ಬೆಳಕು-ಕತ್ತಲೆ ನೋಡಿ ನಡೆಯುತ್ತದೆ. ಈ ಗಡಿಯಾರ ಜೀವಕೋಶಗಳಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಸಂದಿತು. ರಾತ್ರಿ ಪಾಳಿಯವರು ಹಗಲು ಅಷ್ಟೇ ಗಂಟೆ ಮಲಗಿದರೂ ನಿದ್ರೆ ಅಷ್ಟು ಗಾಢವಾಗದಿರಲು ಈ ಗಡಿಯಾರವೇ ಕಾರಣ. ಮೇಲಿಂದ ಹಗಲಿನ ಬೆಳಕು, ಬಾಗಿಲ ಗಂಟೆ, ಕೊರಿಯರ್‌ನವನು, ಪಕ್ಕದ ಮನೆಯ ಡ್ರಿಲ್ ಯಂತ್ರ.

ಅಧ್ಯಯನಗಳು ಹೇಳುವುದೇನು?

ಬ್ರಿಟಿಷ್ ಮೆಡಿಕಲ್ ಜರ್ನಲ್ 2012ರಲ್ಲಿ 34 ಅಧ್ಯಯನಗಳನ್ನು ಒಟ್ಟು ಸೇರಿಸಿದ ವರದಿಯೊಂದನ್ನು ಪ್ರಕಟಿಸಿತು. ಅದರಲ್ಲಿ 20 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯಿತ್ತು. ಪಾಳಿ ಕೆಲಸದವರಲ್ಲಿ ಹೃದಯಾಘಾತದ ಸಂಭವ ಉಳಿದವರಿಗಿಂತ ಸುಮಾರು ಶೇ. 23ರಷ್ಟು ಹೆಚ್ಚಿತ್ತು. ಇದನ್ನು ಸರಿಯಾಗಿ ಓದಿಕೊಳ್ಳಬೇಕು. ಪಾಳಿಯಲ್ಲಿ ದುಡಿಯುವ ನೂರರಲ್ಲಿ 23 ಮಂದಿಗೆ ಹೃದಯಾಘಾತ ಆಗುತ್ತದೆ ಎಂದಲ್ಲ. ಹಗಲು ದುಡಿಯುವವರಲ್ಲಿ 100 ಹೃದಯಾಘಾತಗಳಾಗುವ ಕಡೆ, ಅಷ್ಟೇ ಸಂಖ್ಯೆಯ ಪಾಳಿಯವರಲ್ಲಿ 123 ಆಗುತ್ತವೆ ಎಂದು ಅರ್ಥ. ಒಬ್ಬೊಬ್ಬರ ಮಟ್ಟಿಗೆ ಸಣ್ಣದಾಗಿ ಕಾಣುವ ಈ ಅಂತರ ಒಂದು ಉದ್ಯಮಕ್ಕೆ, ಒಂದು ಸಮುದಾಯಕ್ಕೆ ಸಣ್ಣದಲ್ಲ.

ಅಮೆರಿಕದ ಸುಮಾರು 1,89,000 ದಾದಿಯರನ್ನು 24 ವರ್ಷ ಗಮನಿಸಿದ ಅಧ್ಯಯನ 2016ರಲ್ಲಿ ಹೊರಬಂತು. ಹತ್ತು ವರ್ಷ ಅಥವಾ ಹೆಚ್ಚು ಕಾಲ ತಿರುಗುವ ರಾತ್ರಿ ಪಾಳಿ ಮಾಡಿದವರಲ್ಲಿ ಹೃದ್ರೋಗ ಶೇ. 15ರಿಂದ 18ರಷ್ಟು ಹೆಚ್ಚು ಕಂಡುಬಂತು. ಪಾಳಿ ಬಿಟ್ಟು ವರ್ಷಗಳು ಕಳೆದಂತೆ ಆ ಅಪಾಯ ಇಳಿಯುತ್ತಾ ಬಂತು ಎಂಬುದು ಅದೇ ವರದಿಯ ಸಮಾಧಾನದ ಮಾತು. ನಿವೃತ್ತರು ಇದನ್ನು ಗಮನಿಸಬಹುದು.

ಒಂದೇ ಒಂದು ಗಂಟೆಯ ಏರುಪೇರೂ ಗಣನೆಗೆ ಬರುತ್ತದೆಯೇ? ಯುರೋಪಿನಲ್ಲಿ ವಸಂತ ಕಾಲದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಆ ರಾತ್ರಿ ಎಲ್ಲರಿಗೂ ಒಂದು ಗಂಟೆ ನಿದ್ರೆ ಖೋತಾ. ಸ್ವೀಡನ್ನಿನ ದಾಖಲೆಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಅದರ ನಂತರದ ಮೊದಲ ವಾರದಲ್ಲಿ ಹೃದಯಾಘಾತಗಳು ಸುಮಾರು ಶೇ. 5ರಷ್ಟು ಹೆಚ್ಚಿದ್ದವು.

ಇವೆಲ್ಲವನ್ನು ತೂಗಿ ನೋಡಿದ ಅಮೆರಿಕನ್ ಹಾರ್ಟ್ ಅಸೋಸಿಯೇಶನ್, ಹೃದಯದ ಆರೋಗ್ಯಕ್ಕೆ ಬೇಕಾದ ಏಳು ಅಂಶಗಳ ತನ್ನ ಪಟ್ಟಿಗೆ 2022ರ ಜೂನ್‌ನಲ್ಲಿ ಎಂಟನೆಯದಾಗಿ ನಿದ್ರೆಯನ್ನು ಸೇರಿಸಿತು. ಆಹಾರ, ವ್ಯಾಯಾಮ, ತಂಬಾಕು ವರ್ಜನೆ, ತೂಕ, ಕೊಲೆಸ್ಟರಾಲ್, ಸಕ್ಕರೆ, ರಕ್ತದೊತ್ತಡಗಳ ಸಾಲಿನಲ್ಲಿ ಈಗ ನಿದ್ರೆಯೂ ನಿಂತಿದೆ. ವಯಸ್ಕರಿಗೆ ರಾತ್ರಿ 7ರಿಂದ 9 ಗಂಟೆ ಎಂಬುದು ಅದರ ಲೆಕ್ಕ.

ಗೊರಕೆ ನಗುವ ವಿಷಯವಲ್ಲ

ಈ ವಿಚಾರದಲ್ಲಿ ಮುಂಬಯಿಯದ್ದೇ ಆದ ಅಧ್ಯಯನವೂ ಇದೆ. ಮಾಹಿಮ್‌ನ ಹಿಂದುಜಾ ಆಸ್ಪತ್ರೆಯ ಡಾ. ಜರೀರ್ ಉದ್ವಾಡಿಯಾ ಮತ್ತು ಸಂಗಡಿಗರು 35ರಿಂದ 65 ವರ್ಷದೊಳಗಿನ ನಗರವಾಸಿ ಪುರುಷರನ್ನು ಪರೀಕ್ಷಿಸಿ 2004ರಲ್ಲಿ ವರದಿ ಪ್ರಕಟಿಸಿದರು. ನಿದ್ರೆಯಲ್ಲಿ ಉಸಿರಾಟ ಅಡ್ಡಿಯಾಗುವ ತೊಂದರೆ ಶೇ. 19.5ರಷ್ಟು ಜನರಲ್ಲಿತ್ತು. ಅದರ ಜತೆ ಹಗಲಿನ ತೂಕಡಿಕೆಯೂ ಇರುವ ಪೂರ್ಣ ಪ್ರಮಾಣದ ಕಾಯಿಲೆ ಶೇ. 7.5ರಷ್ಟು ಜನರಲ್ಲಿತ್ತು. ಅಂದರೆ ಮಧ್ಯವಯಸ್ಸಿನ ಐವರು ಗಂಡಸರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ರಾತ್ರಿ ಉಸಿರಾಟ ಸರಿಯಿಲ್ಲ, ಮತ್ತು ಹೆಚ್ಚಿನವರಿಗೆ ಅದು ಗೊತ್ತೂ ಇಲ್ಲ.

ಇದಕ್ಕೆ ವೈದ್ಯರು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಮಲಗಿದಾಗ ಗಂಟಲಿನ ಮೃದು ಭಾಗ ಕುಸಿದು ಉಸಿರಿನ ದಾರಿ ಮುಚ್ಚುತ್ತದೆ. ಜೋರಾದ ಗೊರಕೆ ಹಠಾತ್ತನೆ ನಿಲ್ಲುತ್ತದೆ, ಕೆಲವು ಕ್ಷಣ ಸದ್ದಿಲ್ಲ, ಬಳಿಕ ಮುಳುಗಿ ಎದ್ದವರಂತೆ ಉಸಿರು ಎಳೆದು ಮತ್ತೆ ಗೊರಕೆ. ತೀವ್ರವಾಗಿದ್ದರೆ ಗಂಟೆಗೆ 30ಕ್ಕೂ ಹೆಚ್ಚು ಬಾರಿ ಹೀಗಾಗುತ್ತದೆ. ಪ್ರತಿ ಸಲ ರಕ್ತದಲ್ಲಿ ಆಮ್ಲಜನಕ ಇಳಿದು, ಬಿಪಿ ಜಿಗಿದು, ಹೃದಯ ಒದ್ದಾಡುತ್ತದೆ. ಮಲಗಿದವನಿಗೆ ಬೆಳಗ್ಗೆ ಏನೂ ನೆನಪಿರುವುದಿಲ್ಲ. ತಲೆನೋವು, ಲೋಕಲ್ ರೈಲಿನಲ್ಲಿ ಕುಳಿತ ಕೂಡಲೇ ಜೋಂಪು ಇಷ್ಟೇ ಗೊತ್ತು. ಮೂರು ಬಗೆಯ ಮಾತ್ರೆ ತೆಗೆದುಕೊಂಡರೂ ಬಿಪಿ ಹತೋಟಿಗೆ ಬಾರದವರಲ್ಲಿ ಈ ತೊಂದರೆ ಸಾಮಾನ್ಯ. ಹೃದಯದ ಬಡಿತ ತಾಳ ತಪ್ಪುವುದಕ್ಕೂ ಇದಕ್ಕೂ ನಂಟಿದೆ.

ಇದಕ್ಕೆ ಮೂಗಿಗೆ ಮುಖವಾಡದಂತೆ ಕಟ್ಟಿ ಗಾಳಿಯೊತ್ತಡದಿಂದ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರವಿದೆ. ಆಸ್ಟ್ರೇಲಿಯದ ಕಾಲಿನ್ ಸಲ್ಲಿವನ್ 1981ರಲ್ಲಿ ಅದನ್ನು ವರದಿ ಮಾಡಿದರು. ಗೊರಕೆ, ಹಗಲಿನ ತೂಕಡಿಕೆ, ಒಂದಿಷ್ಟು ಬಿಪಿ ಇದರಿಂದ ಇಳಿಯುತ್ತದೆ. ಆದರೆ ಈಗಾಗಲೇ ಹೃದ್ರೋಗ ಅಥವಾ ಪಾರ್ಶ್ವವಾಯು ಆದ 2,717 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಈ ಯಂತ್ರದಿಂದ ಮುಂದಿನ ಹೃದಯಾಘಾತಗಳು ಕಡಿಮೆಯಾಗಲಿಲ್ಲ. ಅವರು ಯಂತ್ರ ಬಳಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ ಎಂಬುದೂ ನಿಜ. ಆದುದರಿಂದ ಯಂತ್ರ ತಂದಿಟ್ಟ ಮಾತ್ರಕ್ಕೆ ಹೃದಯ ಗೆದ್ದಿತು ಎಂದು ತಿಳಿಯುವಂತಿಲ್ಲ. ತೂಕ ಇಳಿಸುವುದು, ಮಲಗುವ ಮುನ್ನ ಮದ್ಯ ಬಿಡುವುದು, ಬಿಪಿ ಮಾತ್ರೆ ತಪ್ಪಿಸದಿರುವುದು ಇವುಗಳ ಬದಲಿಗೆ ಯಂತ್ರವಿಲ್ಲ.

ಗದ್ದಲಕ್ಕೂ ಕಾನೂನು ಇದೆ

ನಿದ್ರೆ ಬರಿಯ ಅಭ್ಯಾಸದ ಮಾತಾಗಿದ್ದರೆ ಬೇಗ ಮಲಗಿ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಸಾಯನ್-ಟ್ರಾಂಬೆ ರಸ್ತೆಯ ಬದಿಯಲ್ಲಿ, ರಾತ್ರಿಯಿಡೀ ಟ್ಯಾಂಕರ್ ಓಡುವ ಮಾಹುಲ್ ದಾರಿಯಲ್ಲಿ, ಹಳೆ ಕಟ್ಟಡಗಳನ್ನು ಕೆಡವಿ ಗೋಪುರ ಕಟ್ಟುತ್ತಿರುವ ತಿಲಕ್ ನಗರದಲ್ಲಿ ವಾಸಿಸುವವರಿಗೆ ಮಲಗುವ ಹೊತ್ತು ಅವರ ಕೈಯಲ್ಲಷ್ಟೇ ಇಲ್ಲ. ಎಚ್ಚರವಾಗದಿದ್ದರೂ ಸದ್ದಿಗೆ ಹೃದಯ ಪ್ರತಿಕ್ರಿಯಿಸುತ್ತದೆ, ನಾಡಿ ಏರುತ್ತದೆ ಎಂಬುದು ಸಿದ್ಧವಾಗಿರುವ ಸಂಗತಿ. ರಾತ್ರಿ ಮನೆಯ ಹೊರಗಿನ ಸದ್ದು 40 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಯುರೋಪಿಗೆ ಸೂಚಿಸಿತ್ತು. ಭಾರತದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಮಿತಿ 45 ಡೆಸಿಬೆಲ್. ಇಬ್ಬರು ಮೆಲ್ಲಗೆ ಮಾತಾಡಿಕೊಳ್ಳುವಷ್ಟು ಸದ್ದು ಅದು.

ನಿದ್ರೆ ಮನುಷ್ಯನ ಮೂಲಭೂತ ಅಗತ್ಯ, ಅದು ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ರಾಮ್‌ಲೀಲಾ ಮೈದಾನ ಪ್ರಕರಣದಲ್ಲಿ ಹೇಳಿತು. ಚೆಂಬೂರಿಗೆ ತಾಗಿಯೇ ಇರುವ ಕುರ್ಲಾ ನೆಹರೂ ನಗರ ಮತ್ತು ಚುನಾಭಟ್ಟಿ ಪರಿಸರದ ನಿವಾಸಿಗಳ ಎರಡು ಸಂಘಗಳು ಧ್ವನಿವರ್ಧಕಗಳ ವಿರುದ್ಧ ಹೂಡಿದ ಅರ್ಜಿಯಲ್ಲಿ ಬಾಂಬೆ ಹೈಕೋರ್ಟ್ 2025ರ ಜನವರಿ 23ರಂದು ತೀರ್ಪು ನೀಡಿತು. ಧ್ವನಿವರ್ಧಕ ಬಳಕೆ ಯಾವ ಧರ್ಮದ ಅವಿಭಾಜ್ಯ ಅಂಗವೂ ಅಲ್ಲ, ದೂರು ಕೊಟ್ಟವರ ಗುರುತು ಕೇಳದೆ ಪೊಲೀಸರು ಕ್ರಮ ಕೈಗೊಳ್ಳಬೇಕು ಎಂದು ಅದು ಹೇಳಿದೆ. ಯಾರ ವಿರುದ್ಧ ದೂರು ಕೊಡುವುದು, ನಾಳೆ ಮುಖ ನೋಡಬೇಕಲ್ಲ ಎಂದು ಸುಮ್ಮನಿರುವ ಹಿರಿಯ ನಾಗರಿಕರಿಗೆ ಈ ತೀರ್ಪು ಒಂದು ಆಸರೆ.

ಇಲ್ಲಿ ಸಮುದಾಯದ ಸ್ವವಿಮರ್ಶೆಯೂ ಬೇಕು. ವಾರ್ಷಿಕೋತ್ಸವ, ಮದುವೆಯ ಆರತಕ್ಷತೆ, ನಾಟಕ ಎಲ್ಲವೂ ತಡವಾಗಿ ಶುರುವಾಗಿ ತಡವಾಗಿ ಮುಗಿಯುತ್ತವೆ. ಮರುದಿನ ಮುಂಜಾನೆ ಪಾಳಿ ಇರುವವನೂ ಕೊನೆಯ ವಂದನಾರ್ಪಣೆ ತನಕ ಕೂರಬೇಕು. ಆದರೆ ಬೆಳಗಿನ ತನಕ ನಡೆಯುತ್ತಿದ್ದ ಯಕ್ಷಗಾನವೇ ಈಗ ಅನೇಕ ಕಡೆ ಕಾಲಮಿತಿಗೆ ಒಗ್ಗಿಕೊಂಡಿದೆ. ಯಕ್ಷಗಾನಕ್ಕೆ ಸಾಧ್ಯವಾದದ್ದು ಸನ್ಮಾನದ ಭಾಷಣಗಳಿಗೆ ಸಾಧ್ಯವಿಲ್ಲವೇ?

ಶಿಬಿರದಲ್ಲಿ ಒಂದು ಟೇಪು, ಒಂದು ಹಾಳೆ

2025ರ ಜೂನ್-ಜುಲೈಯಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿಗೆ ಗಾಬರಿಗೊಂಡು ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದ್ದು ಊರಿನ ಸಂಪರ್ಕವಿರುವ ಎಲ್ಲರಿಗೂ ನೆನಪಿದೆ. ಡಾ. ಕೆ. ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ಅಲ್ಲಿ ಅಸಹಜ ಏರಿಕೆ ಕಂಡಿಲ್ಲ ಎಂದು ವರದಿ ನೀಡಿತು. ಬಿಪಿ, ಸಕ್ಕರೆ, ಬೊಜ್ಜು, ಧೂಮಪಾನದಂತಹ ಹಳೆಯ ಕಾರಣಗಳನ್ನೇ ಬೊಟ್ಟು ಮಾಡಿತು. ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತ ಆಗುವ ಸರಾಸರಿ ವಯಸ್ಸು 53, ಉಳಿದ ದೇಶದವರಿಗೆ ಸುಮಾರು 59 ಎಂದು 2007ರಲ್ಲೇ ಪ್ರಕಟವಾಗಿತ್ತು. ಗಾಬರಿಯಿಂದ ಓಡುವುದಕ್ಕಿಂತ ಹಳೆಯ ಕಾರಣಗಳ ಬುಡವನ್ನು ಮೊದಲೇ ನೋಡುವುದು ಲೇಸು.

ಜಾತೀಯ ಸಂಘ, ಕರ್ನಾಟಕ ಸಂಘಗಳು ನಡೆಸುವ ಆರೋಗ್ಯ ಶಿಬಿರಗಳಲ್ಲಿ ಸಾಮಾನ್ಯವಾಗಿ ಬಿಪಿ, ಸಕ್ಕರೆ, ಇಸಿಜಿ, ಕಣ್ಣಿನ ತಪಾಸಣೆ ಇರುತ್ತದೆ. ನಿದ್ರೆಯ ಬಗ್ಗೆ ಪ್ರಶ್ನೆಯೇ ಇರುವುದಿಲ್ಲ. ಅದಕ್ಕೆ ಯಂತ್ರ ಬೇಡ, ಖರ್ಚೂ ಇಲ್ಲ. ಟೊರಂಟೊದ ವೈದ್ಯೆ ಫ್ರಾನ್ಸಿಸ್ ಚುಂಗ್ ತಂಡ 2008ರಲ್ಲಿ ಸಿದ್ಧಪಡಿಸಿದ ಎಂಟು ಪ್ರಶ್ನೆಗಳು ಇಂದು ಎಲ್ಲೆಡೆ ಬಳಕೆಯಲ್ಲಿವೆ. ಜೋರಾಗಿ ಗೊರಕೆ ಇದೆಯೇ? ಹಗಲು ದಣಿವು, ತೂಕಡಿಕೆ ಇದೆಯೇ? ಮಲಗಿದಾಗ ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರೆಯೇ? ಬಿಪಿ ಇದೆಯೇ? ಎತ್ತರಕ್ಕೆ ಹೋಲಿಸಿದರೆ ತೂಕ ತೀರಾ ಹೆಚ್ಚೇ? ವಯಸ್ಸು 50 ದಾಟಿದೆಯೇ? ಕುತ್ತಿಗೆಯ ಸುತ್ತಳತೆ 40 ಸೆಂ.ಮೀ.ಗಿಂತ ಹೆಚ್ಚೇ? ಗಂಡಸೇ? ಮೂರು ಅಥವಾ ಹೆಚ್ಚು ‘ಹೌದು’ ಬಂದರೆ ವೈದ್ಯರನ್ನು ಕಾಣಬೇಕು. ಮೂರನೇ ಪ್ರಶ್ನೆಗೆ ಉತ್ತರ ಗೊತ್ತಿರುವುದು ಹೆಚ್ಚಾಗಿ ಹೆಂಡತಿಗೆ. ಆದ್ದರಿಂದ ಶಿಬಿರಕ್ಕೆ ದಂಪತಿ ಒಟ್ಟಿಗೆ ಬರುವುದು ಒಳ್ಳೆಯದು. ಹೊಟೇಲಿನಲ್ಲಿ ಒಟ್ಟಾಗಿ ಮಲಗುವ ಕಾರ್ಮಿಕರಾದರೆ ಪಕ್ಕದಲ್ಲಿ ಮಲಗುವವನೇ ಸಾಕ್ಷಿ.

ಮಾಲಕರ ಪಾಲೂ ಇದೆ. 24 ಗಂಟೆ ಹೊಟೇಲು ತೆರೆದಿಡಲು ಆದೇಶ ಅವಕಾಶ ಕೊಟ್ಟಿದೆ, ಅದೇ ಕಾನೂನು ಪ್ರತಿ ಕೆಲಸಗಾರನಿಗೆ ವಾರಕ್ಕೊಮ್ಮೆ ಸತತ 24 ಗಂಟೆ ವಿರಾಮವನ್ನೂ ಹೇಳಿದೆ. ಒಂದೇ ತಂಡವನ್ನು ಎಳೆದು ರಾತ್ರಿ ನಡೆಸುವುದಕ್ಕಿಂತ ಬೇರೆ ತಂಡ ಇಡುವುದು, ಪಾಳಿ ಬದಲಿಸುವಾಗ ಬೆಳಗು, ಮಧ್ಯಾಹ್ನ, ರಾತ್ರಿ ಎಂಬ ಮುಂದಿನ ಕ್ರಮದಲ್ಲೇ ಬದಲಿಸುವುದು, ಹಗಲು ಮಲಗುವವರಿಗೆ ಕತ್ತಲೆಯ ಕೋಣೆಯೊಂದು ಕೊಡುವುದು ದೊಡ್ಡ ಬಂಡವಾಳದ ಕೆಲಸಗಳಲ್ಲ. ಇಡ್ಲಿ ಹಿಟ್ಟಿಗೂ ರಾತ್ರಿಯ ವಿಶ್ರಾಂತಿ ಬೇಕೆಂದು ಗೊತ್ತಿರುವ ಉದ್ಯಮಿಗೆ ಅದನ್ನು ರುಬ್ಬಿದವನಿಗೂ ಬೇಕೆಂದು ವಿವರಿಸಿ ಹೇಳಬೇಕಾಗಿಲ್ಲ.

ಮನೆಯಲ್ಲಿ ಪ್ರತಿಯೊಬ್ಬರೂ ಮಾಡಬಹುದಾದದ್ದು ಇದೆ. ದಿನವೂ ಒಂದೇ ಹೊತ್ತಿಗೆ ಏಳುವುದು, ಸಂಜೆಯ ನಂತರ ಕಾಫಿ ಬಿಡುವುದು, ಮೊಬೈಲನ್ನು ಹಾಸಿಗೆಯಿಂದ ದೂರ ಇಡುವುದು. ಕುಡಿದ ಕಾಫಿಯ ಅರ್ಧ ಅಂಶ ಸುಮಾರು ಐದು ಗಂಟೆಯ ಬಳಿಕವೂ ದೇಹದಲ್ಲಿ ಉಳಿದಿರುತ್ತದೆ. ನಿದ್ರೆ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ನುಂಗಬಾರದು. ಎದೆ ಬಿಗಿತ, ಎಡ ತೋಳು ಅಥವಾ ದವಡೆಗೆ ಹರಡುವ ನೋವು, ತಣ್ಣನೆ ಬೆವರು ಕಂಡರೆ ಗ್ಯಾಸ್ ಎಂದು ಸೋಡಾ ಕುಡಿದು ಕೂರದೆ 108ಕ್ಕೆ ಕರೆ ಮಾಡಬೇಕು ಅಥವಾ ಹತ್ತಿರದ ಆಸ್ಪತ್ರೆಗೆ ಧಾವಿಸಬೇಕು. ಆಗ ನಿದ್ರೆಯ ಪಾಠಕ್ಕೆ ಸಮಯವಲ್ಲ.

ಚೆನ್ನಾಗಿ ನಿದ್ರಿಸಿದವರಿಗೆಲ್ಲ ಹೃದಯಾಘಾತ ಆಗುವುದಿಲ್ಲ ಎಂದಾಗಲಿ, ನಿದ್ರೆಗೆಟ್ಟವರಿಗೆಲ್ಲ ಆಗುತ್ತದೆ ಎಂದಾಗಲಿ ಯಾವ ಅಧ್ಯಯನವೂ ಹೇಳಿಲ್ಲ. ಆದರೆ ವಾರವಿಡೀ ಸಾಲ ಮಾಡಿ ಭಾನುವಾರ ಮಧ್ಯಾಹ್ನದ ನಿದ್ರೆಯಲ್ಲಿ ಒಂದು ಕಂತು ಕಟ್ಟಿದರೆ ಅಸಲು ತೀರುವುದಿಲ್ಲ, ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಹಿಂದಿನ ತಲೆಮಾರು ನಿದ್ರೆ ಮಾರಿ ಮಕ್ಕಳನ್ನು ಓದಿಸಿತು, ಖೋಲಿಯಿಂದ ಫ್ಲ್ಯಾಟಿಗೆ ಬಂತು. ಅವರಿಗೆ ಬೇರೆ ದಾರಿಯಿರಲಿಲ್ಲ. ಇಂದು ಸಂಘಗಳಿಗೆ ಸ್ವಂತ ಸಭಾಗೃಹಗಳಿವೆ, ಸಮುದಾಯದಲ್ಲಿ ವೈದ್ಯರಿದ್ದಾರೆ, ಹೊಟೇಲುಗಳಿಗೆ ಮಾಲಕರಿದ್ದಾರೆ. ಮುಂದಿನ ಶಿಬಿರದ ಅರ್ಜಿಯಲ್ಲಿ ಹೆಸರು, ವಯಸ್ಸು, ಬಿಪಿ, ಸಕ್ಕರೆಯ ಕೆಳಗೆ ಇನ್ನೊಂದು ಗೆರೆ ಎಳೆದು ‘ರಾತ್ರಿ ಎಷ್ಟು ಗಂಟೆ ನಿದ್ರೆ?’ ಎಂದು ಬರೆಯಲು ಅವರಿಗೆ ಯಾವ ಸರಕಾರದ ಆದೇಶವೂ ಬೇಕಾಗಿಲ್ಲ.